ಕರೆಂಟ್ ವಾಪಸ್ ಬಂದಾಗ ನಿಮ್ಮ ಕೈ ಎಲ್ಲಿರುತ್ತೆ?

ಕರೆಂಟ್ ಹೋಗುವುದು ನಮ್ಮ ಊರುಗಳಲ್ಲಿ ಸುದ್ದಿಯೇ ಅಲ್ಲ. ಓದುತ್ತಿದ್ದವರು ಮೊಬೈಲ್ ಟಾರ್ಚ್ ಹಾಕಿಕೊಳ್ಳುತ್ತಾರೆ, ಟಿ.ವಿ. ನೋಡುತ್ತಿದ್ದವರು ಜಗಲಿಗೆ ಬಂದು ಕೂರುತ್ತಾರೆ. ಆದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ಗರಗಸದ ಯಂತ್ರದ ಮುಂದೆ ನಿಂತವರಿಗೆ ಕರೆಂಟ್ ಹೋಗುವುದಕ್ಕಿಂತ ಅದು ವಾಪಸ್ ಬರುವ ಗಳಿಗೆಯೇ ಅಪಾಯದ್ದು. ಯಂತ್ರ ನಿಂತಿತಲ್ಲ ಎಂದು ಬ್ಲೇಡಿನ ಪಕ್ಕ ಸಿಕ್ಕಿಕೊಂಡ ಚಕ್ಕೆ ತೆಗೆಯಲು ಕೈ ಹಾಕಿರುತ್ತಾರೆ. ಸ್ವಿಚ್ ಮಾತ್ರ ಆನ್ ಆಗಿಯೇ ಉಳಿದಿರುತ್ತದೆ. ಲೈನ್ ಬಂದ ಕ್ಷಣ ಬ್ಲೇಡ್ ಯಾರನ್ನೂ ಕೇಳದೆ ತಿರುಗಲು ಶುರು ಮಾಡುತ್ತದೆ.

ಇದನ್ನು ತಡೆಯುವ ಸ್ವಿಚ್ ಹೊಸ ಆವಿಷ್ಕಾರವೇನಲ್ಲ. ಅದರ ಹೆಸರು ನೋ ವೋಲ್ಟ್ ರಿಲೀಸ್ ಸ್ವಿಚ್. ಕೆಲವರು ಮ್ಯಾಗ್ನೆಟಿಕ್ ಸ್ವಿಚ್ ಎನ್ನುತ್ತಾರೆ. ಒಳಗೊಂದು ಸಣ್ಣ ಕಾಯಿಲ್ ಇರುತ್ತದೆ. ಹಸಿರು ಗುಂಡಿ ಒತ್ತಿದಾಗ ಆ ಕಾಯಿಲ್ ಅಯಸ್ಕಾಂತವಾಗಿ ಸಂಪರ್ಕವನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ಅಯಸ್ಕಾಂತದ ಬಲವೂ ಹೋಗಿ, ಸಂಪರ್ಕ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಕರೆಂಟ್ ಮತ್ತೆ ಬಂದರೂ ನೀವು ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಅಲುಗಾಡುವುದಿಲ್ಲ.

ಈ ವಿಷಯವನ್ನು ಯುವಜನರ ಮುಂದೆ ಇಡಲು ಕಾರಣವಿದೆ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮಲ್ಲಿ ಎಷ್ಟೋ ಮಂದಿ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಮನೆಯಲ್ಲೊಂದು ಸಣ್ಣ ವರ್ಕ್‌ಶಾಪ್ ಶುರು ಮಾಡುತ್ತಿದ್ದೇವೆ. ಒಬ್ಬರು ಪೀಠೋಪಕರಣ ಮಾಡುತ್ತಾರೆ, ಇನ್ನೊಬ್ಬರು ಗ್ರಿಲ್ ಬೆಸುಗೆ ಹಾಕುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ ಸೇರಿ 18 ಕಸುಬುಗಳಿಗೆ ತರಬೇತಿ, ಸಾಲ ಹಾಗೂ ಉಪಕರಣಕ್ಕಾಗಿ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಸ್ವಂತ ಕಾಲ ಮೇಲೆ ನಿಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಆ ಕಾಲಿನ ಜೊತೆ ಹತ್ತು ಬೆರಳೂ ಉಳಿಯಬೇಕಲ್ಲ?

ಯಂತ್ರ ಕೊಳ್ಳಲು ದುಡ್ಡು ಸಾಲದವರು ಮಾಡುವ ಉಪಾಯವನ್ನು ನೀವೂ ನೋಡಿರುತ್ತೀರಿ. ಮಾರ್ಬಲ್ ಕಟರನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಗೆ ಬಿಗಿದು, ಮರದ ಬ್ಲೇಡ್ ಹಾಕಿ, ಟೇಬಲ್ ಗರಗಸ ಸಿದ್ಧ ಎನ್ನುವುದು. ಕಟರಿನ ಸ್ವಿಚ್ ಹಲಗೆಯ ಕೆಳಗೆ ಹೋಗುವುದರಿಂದ ಅದನ್ನು ಆನ್ ಸ್ಥಿತಿಯಲ್ಲೇ ಟೇಪ್ ಸುತ್ತಿಯೋ ಟ್ಯಾಗ್ ಬಿಗಿದೋ ಬಿಡುತ್ತಾರೆ. ಗೋಡೆಯ ಸ್ವಿಚ್ಚೇ ಆಗ ಯಂತ್ರದ ಸ್ವಿಚ್. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುವ ಬ್ಲೇಡಿಗೆ ಇರುವ ಕಡಿವಾಣ ಇಷ್ಟೇ. ನನ್ನನ್ನು ಕೇಳಿದರೆ ಕಟರನ್ನು ಹೀಗೆ ಬಳಸಲೇಬಾರದು. ಬ್ಲೇಡಿನ ರಕ್ಷಾಕವಚ ಹೋದ ಮೇಲೆ ಸ್ವಿಚ್ ಒಂದೇ ನಮ್ಮನ್ನು ಕಾಯುವುದಿಲ್ಲ.

ಇನ್ನು ಇಂಥ ಸ್ವಿಚ್ ನಮ್ಮ ಕಡೆ ಸಿಗುವುದಿಲ್ಲ ಎನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಕೊಳವೆಬಾವಿ ಇರುವ ಯಾವುದೇ ಹೊಲಕ್ಕೆ ಹೋಗಿ, ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ನೋಡಿ. ಹಸಿರು ಗುಂಡಿ, ಕೆಂಪು ಗುಂಡಿ, ಒಳಗೆ ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್ ರಿಲೇ. ಡಿಒಎಲ್ ಸ್ಟಾರ್ಟರ್ ಎಂದು ಕರೆಯುವ ಈ ಪೆಟ್ಟಿಗೆ ಮಾಡುವುದೂ ಇದೇ ಕೆಲಸವನ್ನು. ತಾಲ್ಲೂಕು ಕೇಂದ್ರದ ಪಂಪ್‌ಸೆಟ್ ಅಂಗಡಿಯಿಂದ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಇದು ಸಿಗುತ್ತದೆ. ಸಣ್ಣ ಯಂತ್ರಕ್ಕೆ ನೇರವಾಗಿ ಕೂರುವ ಪುಟ್ಟ ಮ್ಯಾಗ್ನೆಟಿಕ್ ಸ್ವಿಚ್‌ಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ. ಯಂತ್ರದ ಬೆಲೆಯ ಮುಂದೆ ಇದರ ಬೆಲೆ ದೊಡ್ಡದಲ್ಲ. ಕೊರತೆ ಇರುವುದು ಸ್ವಿಚ್‌ಗಲ್ಲ, ಅದನ್ನು ಕೇಳಿ ಪಡೆಯುವ ಗಿರಾಕಿಗೆ.

ಇಲ್ಲೊಂದು ಎಚ್ಚರಿಕೆ. ಹೊಲದಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಆದ್ದರಿಂದ ಲೈನ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗಲಿ ಎಂದು ರೈತರು ಸ್ಟಾರ್ಟರಿಗೆ ಆಟೋ ಸ್ವಿಚ್ ಜೋಡಿಸುತ್ತಾರೆ. ನಡುರಾತ್ರಿ ಹೊಲಕ್ಕೆ ಹೋಗುವ ಕಷ್ಟ ಬಲ್ಲವರು ಅದನ್ನು ತಪ್ಪೆನ್ನಲಾರರು. ಆದರೆ ಪಂಪಿಗೆ ಅನುಕೂಲವಾದ ಆ ಆಟೋ ಗರಗಸಕ್ಕೆ ಬಂದರೆ ಅನಾಹುತ. ಹಳೆಯ ಸ್ಟಾರ್ಟರ್ ತಂದು ಬಳಸುವವರು ಮೊದಲು ಆಟೋ ಜೋಡಣೆ ಇದೆಯೇ ಎಂದು ನೋಡಿ ತೆಗೆಸಬೇಕು.

ಅಂಗಡಿಗೆ ಹೋದಾಗ ನಾಲ್ಕು ವಿಷಯ ನೆನಪಿರಲಿ. ಮೊದಲನೆಯದು ಕಾಯಿಲ್ ವೋಲ್ಟೇಜ್. ಪಂಪಿನ ತ್ರೀ ಫೇಸ್ ಸ್ಟಾರ್ಟರ್‌ಗಳಲ್ಲಿ ಸಾಮಾನ್ಯವಾಗಿ 415 ವೋಲ್ಟಿನ ಕಾಯಿಲ್ ಇರುತ್ತದೆ. ಮನೆಯ ಸಿಂಗಲ್ ಫೇಸ್ ಯಂತ್ರಕ್ಕೆ ಬೇಕಾದದ್ದು 230 ಅಥವಾ 240 ವೋಲ್ಟಿನದು. ಎರಡನೆಯದು ಆಂಪಿಯರ್. ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪಿಯರ್ ಬರೆದುಕೊಂಡು ಹೋಗಿ. ಕಾಂಟ್ಯಾಕ್ಟರ್ ಮೇಲೆ ಎಸಿ-1, ಎಸಿ-3 ಎಂದು ಎರಡು ಬಗೆಯ ಅಂಕಿ ಇದ್ದರೆ ಮೋಟಾರಿಗೆ ಅನ್ವಯಿಸುವುದು ಚಿಕ್ಕದಾದ ಎಸಿ-3. ಓವರ್‌ಲೋಡ್ ರಿಲೇಯ ವ್ಯಾಪ್ತಿಯೊಳಗೆ ನಿಮ್ಮ ಮೋಟಾರಿನ ಅಂಕಿ ಬರಬೇಕು. ಮೂರನೆಯದು ಗುರುತು. ಐಎಸ್/ಐಇಸಿ 60947-4-1 ಎಂಬುದು ಕಾಂಟ್ಯಾಕ್ಟರ್, ಸ್ಟಾರ್ಟರ್‌ಗಳ ಮಾನದಂಡದ ಸಂಖ್ಯೆ. ಅದು ಇರುವುದನ್ನೇ ಆರಿಸಿ. ನಾಲ್ಕನೆಯದು ಪರೀಕ್ಷೆ. ಹಸಿರು, ಕೆಂಪು ಗುಂಡಿ ಇದ್ದ ಮಾತ್ರಕ್ಕೆ ಅದು ನೋ ವೋಲ್ಟ್ ಸ್ವಿಚ್ ಆಗುವುದಿಲ್ಲ. ಕರೆಂಟ್ ಕೊಡದೆ ಹಸಿರು ಗುಂಡಿ ಒತ್ತಿ ಬಿಡಿ. ಅದು ಒಳಗೇ ಕಚ್ಚಿ ನಿಂತರೆ ಮಾಮೂಲಿ ಸ್ವಿಚ್, ವಾಪಸ್ ಚಿಮ್ಮಿದರೆ ಮುಂದೆ ನೋಡಬಹುದು. ಮನೆಯಲ್ಲಿ ಎಲೆಕ್ಟ್ರಿಷಿಯನ್‌ರಿಂದ ಜೋಡಿಸಿದ ಮೇಲೆ ಬ್ಲೇಡ್ ಬಿಚ್ಚಿಟ್ಟು ಯಂತ್ರ ಚಾಲೂ ಮಾಡಿ, ಪ್ಲಗ್ಗಿನ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಯಂತ್ರ ಸುಮ್ಮನಿದ್ದರೆ ನೀವು ಕೊಂಡದ್ದು ಸರಿಯಾದುದು.

‘ನಮ್ಮನೇಲಿ ಎಂಸಿಬಿ ಇದೆ, ಅಷ್ಟು ಸಾಕು’ ಎನ್ನುವವರಿದ್ದಾರೆ. ಎಂಸಿಬಿ ಕಾಯುವುದು ವೈರನ್ನು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಶಾಕ್‌ನಿಂದ ಕಾಯುತ್ತದೆ. ಅಣಬೆಯಾಕಾರದ ಕೆಂಪು ತುರ್ತು ಗುಂಡಿ ಅವಸರದಲ್ಲಿ ಯಂತ್ರ ನಿಲ್ಲಿಸಲು ಬೇಕು. ಎರಡೂ ಕೈ ಮರದ ಮೇಲಿರುವಾಗ ತೊಡೆಯಿಂದ ಒತ್ತುವಂತಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲ ಇರಲಿ. ಆದರೆ ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗುವುದನ್ನು ಇವುಗಳಲ್ಲಿ ಒಂದೂ ತಡೆಯುವುದಿಲ್ಲ. ಹಾಗೆಯೇ ನೋ ವೋಲ್ಟ್ ಸ್ವಿಚ್ ಬಿಟ್ಟುಕೊಂಡರೂ ಬ್ಲೇಡ್ ಕೂಡಲೇ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪ್ಲಗ್ ಕಿತ್ತ ಮೇಲೆಯೇ ಬ್ಲೇಡಿಗೆ ಕೈ ಹಾಕುವ ಅಭ್ಯಾಸಕ್ಕೆ ಯಾವ ಸ್ವಿಚ್ಚೂ ಬದಲಿಯಲ್ಲ.

ಕಾನೂನು ಈ ಅಪಾಯವನ್ನು ತಿಳಿಯದ್ದೇನಲ್ಲ. ತುರ್ತಿನಲ್ಲಿ ಯಂತ್ರದ ವಿದ್ಯುತ್ ಕಡಿತಗೊಳಿಸುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲೂ ಇರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಆದರೆ ಆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಅಪ್ಪ, ಮಗ ಇಬ್ಬರೇ ದುಡಿಯುವ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ವಿದ್ಯುತ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗಿ ಅಪಾಯ ಆಗಬಾರದು ಎಂದು ಐಇಸಿ 60204-1 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಹೇಳುತ್ತದೆ. ಬೆರಳು ಕಾರ್ಖಾನೆಯಲ್ಲಿದ್ದರೂ ಮನೆಯಲ್ಲಿದ್ದರೂ ಒಂದೇ ಅಲ್ಲವೇ?

ಹಾಗಾಗಿ ಸರ್ಕಾರದ ನೆರವಿನಿಂದ ಕೊಡುವ, ಒಂದೆಡೆ ಇಟ್ಟು ಬಳಸುವ ಪ್ರತಿಯೊಂದು ವಿದ್ಯುತ್ ಯಂತ್ರದಲ್ಲೂ ಈ ಸ್ವಿಚ್ ಕಡ್ಡಾಯವಾಗಲಿ. ಐಟಿಐ ಪ್ರಾಯೋಗಿಕ ತರಗತಿಯಲ್ಲಿ ಇದನ್ನು ಬಿಚ್ಚಿ, ಜೋಡಿಸಿ ಕಲಿಸಲಿ. ಯಂತ್ರ ಮಾರುವವರು ಬ್ಲೇಡ್ ಉಚಿತ, ಟೀ ಶರ್ಟ್ ಉಚಿತ ಎನ್ನುವ ಬದಲು ಈ ಸ್ವಿಚ್ ಹಾಕಿಯೇ ಕೊಡಲಿ. ಅಂಗಡಿಯವರು ‘ಅದೆಲ್ಲ ಫ್ಯಾಕ್ಟರಿಗೆ’ ಎಂದರೆ ನಗುತ್ತಾ ಮತ್ತೊಮ್ಮೆ ಕೇಳೋಣ. ಹತ್ತು ಗಿರಾಕಿಗಳು ಕೇಳಿದ ವಸ್ತುವನ್ನು ಹನ್ನೊಂದನೆಯವರಿಗಾಗಿ ತರಿಸಿಡದ ವ್ಯಾಪಾರಿ ಇರಲಾರ.

ಯಂತ್ರ ಕೊಳ್ಳುವಾಗ ಎಷ್ಟು ಎಚ್‌ಪಿ, ಎಷ್ಟು ವರ್ಷ ವಾರಂಟಿ ಎಂದು ನಾವು ಕೇಳುತ್ತೇವೆ. ಇನ್ನು ಮುಂದೆ ಆ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರಿಸೋಣ: ಕರೆಂಟ್ ಹೋಗಿ ಬಂದರೆ ಈ ಯಂತ್ರ ಏನು ಮಾಡುತ್ತೆ?