ಹಳಿಗಿಂತ ಮೊದಲು ಲೆಕ್ಕ: ವಸಂತನರಸಾಪುರಕ್ಕೆ ಎಂತಹ ಸರಕು ರೈಲು ಬೇಕು?

ಒಂದು ಪ್ರದೇಶದ ಕೈಗಾರಿಕಾ ಪ್ರಗತಿಗೆ ಭೂಮಿ, ನೀರು, ವಿದ್ಯುತ್ತುಗಳಷ್ಟೇ ಸಾಗಣೆಯ ಸೌಕರ್ಯವೂ ಅವಶ್ಯವೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸ ವಿಷಯವಲ್ಲ. ತುಮಕೂರು ಜಿಲ್ಲೆಯ ವಸಂತನರಸಾಪುರ ಈ ಮಾತಿಗೆ ಇಂದು ಒಳ್ಳೆಯ ನಿದರ್ಶನ. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಇಂಡಿಯಾ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಮಷಿನ್ ಟೂಲ್ ಪಾರ್ಕ್ ಕೂಡ ಇಲ್ಲಿಯೇ ರೂಪುಗೊಂಡಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಅಂಗವಾಗಿ ತುಮಕೂರಿನ ಕಾಮಗಾರಿಗಳಿಗೆ ರೂ. 1,701.81 ಕೋಟಿ ಅಂದಾಜು ವೆಚ್ಚವನ್ನು ಅನುಮೋದಿಸಿತು. 2023ರ ಫೆಬ್ರವರಿ 6ರಂದು ಶಂಕುಸ್ಥಾಪನೆಗೊಂಡ ಈ ಕೈಗಾರಿಕಾ ನಗರದ ವಿಸ್ತೀರ್ಣ, ಮೂರೂ ಹಂತಗಳು ಸೇರಿ, 8,484 ಎಕರೆ.

ಇಷ್ಟು ದೊಡ್ಡ ಪ್ರದೇಶದ ಸರಕನ್ನೆಲ್ಲ ರಾಷ್ಟ್ರೀಯ ಹೆದ್ದಾರಿ 48 ಒಂದೇ ಹೊರಲಾರದು. ಆದ್ದರಿಂದ ರೈಲಿನ ಬೇಡಿಕೆ ಸಹಜವಾಗಿಯೇ ಎದ್ದಿದೆ. ಬೆಂಗಳೂರು–ಅರಸೀಕೆರೆ–ಹುಬ್ಬಳ್ಳಿ ಮುಖ್ಯ ಮಾರ್ಗ ತುಮಕೂರಿನ ಮೂಲಕವೇ ಹಾದುಹೋಗುತ್ತದೆ. ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಹೋಗುವ ಹೊಸ ಮಾರ್ಗವು 2011-12ರಲ್ಲಿಯೂ, ರಾಯದುರ್ಗದ ಮಾರ್ಗವು ಅದಕ್ಕೂ ಮೊದಲು 2007-08ರಲ್ಲಿಯೂ ಮಂಜೂರಾದವು. ಮಂಜೂರಾತಿಗೂ ಮುಕ್ತಾಯಕ್ಕೂ ನಡುವೆ ಎಷ್ಟು ವರ್ಷಗಳು ಉರುಳುತ್ತವೆಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಆದರೆ ಇಲ್ಲಿ ಚರ್ಚಿಸಬೇಕೆಂದಿರುವುದು ವಿಳಂಬದ ವಿಷಯವನ್ನಲ್ಲ. ಹಳಿ ಬಂದ ಮಾತ್ರಕ್ಕೆ ನಮ್ಮ ಸರಕು ರೈಲನ್ನೇರುವುದೇ ಎಂಬುದು ನಿಜವಾದ ಪ್ರಶ್ನೆ. ಹಳಿಯ ಪಕ್ಕದಲ್ಲಿಯೇ ಅಂಗಡಿ, ಗೋದಾಮುಗಳನ್ನಿಟ್ಟುಕೊಂಡು ಲಾರಿಯಲ್ಲಿಯೇ ಮಾಲು ಕಳಿಸುವ ವ್ಯಾಪಾರಿಗಳು ನಮ್ಮಲ್ಲಿ ಎಷ್ಟಿಲ್ಲ? ಅವರಿಗೆ ಲೆಕ್ಕ ಗೊತ್ತಿಲ್ಲವೆಂದಲ್ಲ. ಲೆಕ್ಕ ಗೊತ್ತಿರುವುದರಿಂದಲೇ ಅವರು ಲಾರಿಯನ್ನು ಆರಿಸಿಕೊಂಡಿದ್ದಾರೆ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ರೈಲ್ವೆಯು ಸರಕನ್ನು ಮುಖ್ಯವಾಗಿ ರೇಕ್‌ಗಳ ಲೆಕ್ಕದಲ್ಲಿ ಒಯ್ಯುತ್ತದೆ. ಇಂದಿನ ಮುಚ್ಚಿದ ವ್ಯಾಗನ್ನುಗಳ ಪೂರ್ಣ ರೇಕ್ ಎಂದರೆ 58 ವ್ಯಾಗನ್‌ಗಳು, ಸುಮಾರು 4,000 ಟನ್ ಸರಕು. 20 ವ್ಯಾಗನ್‌ಗಳ ಕಿರು ರೇಕ್‌ಗೂ ಅವಕಾಶವಿದೆಯಾದರೂ ಅದನ್ನು ತುಂಬಲು ಸಾವಿರ ಟನ್ನಿಗೂ ಹೆಚ್ಚು ಸರಕು ಒಂದೇ ದಿನ, ಒಂದೇ ದಿಕ್ಕಿಗೆ ಸಿದ್ಧವಿರಬೇಕು. ಸಿಮೆಂಟ್, ಉಕ್ಕು, ರಸಗೊಬ್ಬರದ ದೊಡ್ಡ ಕಂಪನಿಗಳಿಗೆ ಇದು ಸಾಧ್ಯ. ವಾರಕ್ಕೆ ಒಂದೆರಡು ಲಾರಿ ಮಾಲು ತಯಾರಿಸುವ ಸಣ್ಣ ಕೈಗಾರಿಕೋದ್ಯಮಿಗೆ ಇದು ಎಟುಕದ ಮಾತು.

ಎರಡನೆಯದು ಕಾಯುವಿಕೆಯ ವೆಚ್ಚ. ಒಂದು ಕೋಟಿ ರೂಪಾಯಿ ಬೆಲೆಯ ಮಾಲು ರೈಲಿಗಾಗಿ ಹತ್ತು ದಿನ ಗೋದಾಮಿನಲ್ಲಿ ಕಾದಿತೆಂದು ಭಾವಿಸೋಣ. ಬ್ಯಾಂಕಿನ ಬಡ್ಡಿ ಶೇ. 10ರಂತೆ ಹಿಡಿದರೂ ರೂ. 27,000ಕ್ಕೂ ಹೆಚ್ಚು ಹಣ ಬಡ್ಡಿಯಲ್ಲಿಯೇ ಹೋಗುತ್ತದೆ. ಇದರೊಡನೆ ಕಾರ್ಖಾನೆಯಿಂದ ಗೂಡ್ಸ್ ಶೆಡ್ಡಿಗೆ ಲಾರಿ ಬಾಡಿಗೆ, ಎರಡೂ ಕಡೆ ಹಮಾಲಿ, ನಿಗದಿತ ಅವಧಿಯಲ್ಲಿ ಲೋಡ್ ಆಗದಿದ್ದರೆ ಡೆಮರೇಜ್, ಮಾಲು ಎತ್ತದಿದ್ದರೆ ವಾರ್ಫೇಜ್ ಇವುಗಳನ್ನೂ ಸೇರಿಸಬೇಕು. ಟನ್-ಕಿಲೋಮೀಟರ್ ದರದಲ್ಲಿ ಅಗ್ಗವೆನಿಸಿದ ರೈಲು ಖರ್ಚಿನ ಪಟ್ಟಿಯ ಕೊನೆಯ ಸಾಲಿಗೆ ಬರುವಾಗ ದುಬಾರಿಯಾಗುವುದು ಹೀಗೆ.

ಆದ್ದರಿಂದ ವಸಂತನರಸಾಪುರದ ಯೋಜನೆಯಲ್ಲಿ ನಾವು ಮೊದಲು ಕೇಳಬೇಕಾದುದು ನಿಗದಿತ ವೇಳಾಪಟ್ಟಿಯ ಸೇವೆಯನ್ನು. ವಾರದ ಇಂತಹ ದಿನ, ಇಂತಹ ಗಂಟೆಗೆ ಚೆನ್ನೈ ಬಂದರಿಗೆ ಅಥವಾ ಉತ್ತರ ಭಾರತಕ್ಕೆ ಕಂಟೇನರ್ ರೈಲು ಹೊರಡುವುದೆಂದೂ, ಅದರಲ್ಲಿ ಒಂದೇ ಕಂಟೇನರ್‌ಗೂ ಜಾಗ ಕೊಳ್ಳಬಹುದೆಂದೂ ಖಚಿತವಾದರೆ ಸಣ್ಣವರೂ ರೈಲಿಗೆ ಬರುತ್ತಾರೆ. ಕಂಟೇನರ್ ರೇಕ್‌ನಲ್ಲಿ 45 ವ್ಯಾಗನ್‌ಗಳಿದ್ದು 20 ಅಡಿಯ 90 ಕಂಟೇನರ್‌ಗಳನ್ನು ಒಯ್ಯಬಹುದು. ಒಂದು ಕಂಟೇನರ್ ತುಂಬದವರಿಗಾಗಿ ಹಲವರ ಸರಕನ್ನು ಕೂಡಿಸುವ ಗೋದಾಮು ಟರ್ಮಿನಲ್‌ನಲ್ಲಿಯೇ ಇರಬೇಕು. ಹನಿ ಹನಿ ಗೂಡಿದರೆ ಹಳ್ಳ ಎಂಬ ನಮ್ಮ ಹಿರಿಯರ ಮಾತು ಸರಕು ಸಾಗಣೆಗೂ ಅನ್ವಯಿಸುತ್ತದೆ.

ಇದು ಅಸಾಧ್ಯವಾದ ಬೇಡಿಕೆಯೇನಲ್ಲ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಸ್ಥಾಪನೆಯಾದುದು ನಮ್ಮ ಬೆಂಗಳೂರಿನಲ್ಲಿಯೇ. ಬಂದರಿನಿಂದ ದೂರವಿರುವ ಸಣ್ಣ ರಫ್ತುದಾರನಿಗೆ ಬಂದರಿನ ಸೌಲಭ್ಯವನ್ನು ಊರಿಗೇ ತಂದುಕೊಡುವುದು ಇಂತಹ ಡಿಪೋಗಳ ಉದ್ದೇಶ. 2020ರ ಆಗಸ್ಟ್‌ನಲ್ಲಿ ಆರಂಭವಾದ ಕಿಸಾನ್ ರೈಲುಗಳಲ್ಲಿ ಕನಿಷ್ಠ ಪ್ರಮಾಣದ ಷರತ್ತಿಲ್ಲದೆ, ಹಲವು ರೈತರ ಹಲವು ಬಗೆಯ ಬೆಳೆಗಳನ್ನು ವೇಳಾಪಟ್ಟಿಯಂತೆ ಒಯ್ಯಲಾಯಿತು. ಮನಸ್ಸು ಮಾಡಿದರೆ ರೈಲ್ವೆ ಸಣ್ಣ ಸರಕನ್ನೂ ಒಯ್ಯಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

ಇಲ್ಲೊಂದು ಆಕ್ಷೇಪವಿದೆ. ಬೆಂಗಳೂರು ಗ್ರಾಮಾಂತರದ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಬಹುಮಾದರಿ ಸಾಗಣೆ ಉದ್ಯಾನ ರೂಪುಗೊಳ್ಳುತ್ತಿರುವಾಗ ವಸಂತನರಸಾಪುರಕ್ಕೆ ಬೇರೆ ಟರ್ಮಿನಲ್ ಏಕೆ ಎಂಬುದೇ ಆ ಆಕ್ಷೇಪ. ಇದು ತಳ್ಳಿಹಾಕುವಂತಹದಲ್ಲ. ಎರಡು ಕಡೆಯೂ ಅರೆಬರೆ ತುಂಬಿದ ರೈಲುಗಳಿಂದ ಯಾರಿಗೂ ಲಾಭವಿಲ್ಲ. ಆದುದರಿಂದ ನಮ್ಮ ಟರ್ಮಿನಲ್ ಆರಂಭದಲ್ಲಿ ಚಿಕ್ಕದಾಗಿದ್ದು, ಅಲ್ಲಿನ ದೊಡ್ಡ ರೈಲುಗಳಿಗೆ ಸರಕು ಕೂಡಿಸಿಕೊಡುವ ಪೂರಕ ಕೇಂದ್ರವಾಗಿದ್ದರೂ ಅಡ್ಡಿಯಿಲ್ಲ. ಮುಂದಿನ ವಿಸ್ತರಣೆಗೆ ಬೇಕಾದ ಜಮೀನನ್ನು ಮಾತ್ರ ಇಂದೇ ಕಾದಿರಿಸಬೇಕು. ನಿವೇಶನಗಳೆಲ್ಲ ಹಂಚಿಕೆಯಾದ ಮೇಲೆ ಸೈಡಿಂಗ್‌ಗೆ ಜಾಗ ಹುಡುಕುವುದು ಮನೆ ಕಟ್ಟಿಯಾದ ಮೇಲೆ ಬಾವಿ ತೋಡಲು ಹೊರಟಂತೆ.

ನೀತಿಯ ಬೆಂಬಲವೂ ಇದೆ. 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಗತಿಶಕ್ತಿ ಸರಕು ಟರ್ಮಿನಲ್ ನೀತಿಯಂತೆ ರೈಲ್ವೆ ಜಮೀನಿನಲ್ಲಿಯೂ ಖಾಸಗಿ ಜಮೀನಿನಲ್ಲಿಯೂ ಟರ್ಮಿನಲ್ ಕಟ್ಟಬಹುದು. 2022ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟವು ಸರಕು ಕಾರ್ಯಗಳಿಗಾಗಿ ರೈಲ್ವೆ ಜಮೀನನ್ನು ಮಾರುಕಟ್ಟೆ ಬೆಲೆಯ ಶೇ. 1.5ರ ವಾರ್ಷಿಕ ಶುಲ್ಕದಲ್ಲಿ 35 ವರ್ಷಗಳವರೆಗೆ ಗುತ್ತಿಗೆಗೆ ಕೊಡಲು ಒಪ್ಪಿತು. ಸಣ್ಣ ಉದ್ಯಮಿಗಳು ಕೂಡಿ ಒಂದು ಸಂಸ್ಥೆಯನ್ನು ರಚಿಸಿಕೊಂಡರೆ ಪರಿಶೀಲಿಸಲು ಯೋಗ್ಯವಾದ ಮಾರ್ಗವಿದು.

ಇನ್ನು ನಮ್ಮ ಕರ್ತವ್ಯದ ಮಾತು. ಪ್ರತಿ ವರ್ಷ ಬಜೆಟ್ಟಿನ ಮುನ್ನ ಸಚಿವರಿಗೆ ಮನವಿಪತ್ರ ಅರ್ಪಿಸುವುದು ವಾಣಿಜ್ಯ ಸಂಸ್ಥೆಗಳ ರೂಢಿ. ಆ ಪತ್ರಗಳಲ್ಲಿ ಬೇಡಿಕೆ ಇರುತ್ತದೆ, ಅಂಕಿಅಂಶವಿರುವುದಿಲ್ಲ. ಎಷ್ಟು ಸರಕು, ಯಾವ ಊರಿಗೆ, ಯಾವ ತಿಂಗಳು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಬೇಡಿಕೆಯನ್ನು ಯಾವ ಅಧಿಕಾರಿಯೂ ಕಡತದ ಮೇಲ್ಭಾಗದಲ್ಲಿಡುವುದಿಲ್ಲ.

ಈ ಉತ್ತರ ನಮ್ಮ ಕಂಪ್ಯೂಟರುಗಳಲ್ಲಿಯೇ ಇದೆ. 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ವೇ ಬಿಲ್‌ನಲ್ಲಿ ಸರಕಿನ ಎಚ್‌ಎಸ್‌ಎನ್ ಸಂಕೇತ, ಮೌಲ್ಯ, ಹೊರಡುವ ಮತ್ತು ತಲುಪುವ ಸ್ಥಳಗಳ ಪಿನ್‌ಕೋಡ್, ದೂರ ಎಲ್ಲವೂ ದಾಖಲಾಗಿವೆ. ತೂಕವನ್ನು ಲಾರಿ ರಸೀದಿಯಿಂದಲೋ ತೂಕದ ಚೀಟಿಯಿಂದಲೋ ಸೇರಿಸಿಕೊಳ್ಳಬಹುದು. ಸದಸ್ಯರು ತಮ್ಮ ಕಳೆದ ಮೂರು ವರ್ಷಗಳ ಈ ವಿವರಗಳನ್ನು ಹೆಸರು, ದರ, ಗಿರಾಕಿಗಳ ಗುರುತು ತೆಗೆದು ಒಂದೆಡೆ ಒಟ್ಟುಗೂಡಿಸಿದರೆ, ತುಮಕೂರು ಭಾಗದಿಂದ ಯಾವ ದಿಕ್ಕಿಗೆ ವಾರಕ್ಕೆ ಎಷ್ಟು ಕಂಟೇನರ್ ಸರಕು ಹೋಗುತ್ತದೆಂಬ ಚಿತ್ರ ದೊರೆಯುತ್ತದೆ. ವ್ಯಾಪಾರದ ಗುಟ್ಟು ಹೊರಬೀಳುವುದೆಂಬ ಅಂಜಿಕೆ ಸಹಜವಾದುದೇ. ಸದಸ್ಯರ ಲೆಕ್ಕಪರಿಶೋಧಕರೇ ಒಟ್ಟು ಮೊತ್ತಗಳನ್ನು ಮಾತ್ರ ತೆಗೆದುಕೊಟ್ಟರೆ ಆ ಅಂಜಿಕೆಗೆ ಕಾರಣ ಉಳಿಯುವುದಿಲ್ಲ.

ಲಾರಿ ಮಾಲೀಕರೂ ನಮ್ಮ ಬಂಧುಗಳೇ. ರೈಲು ಬಂದರೆ ತಮ್ಮ ಜೀವನೋಪಾಯ ಹೋಗುವುದೆಂಬ ಅವರ ಆತಂಕಕ್ಕೂ ಉತ್ತರ ಕೊಡಬೇಕು. ದೂರದ ಬಾಡಿಗೆ ಕೆಲಮಟ್ಟಿಗೆ ಕಡಿಮೆಯಾಗುವುದು ನಿಜ. ಆದರೆ ಕಾರ್ಖಾನೆಯಿಂದ ಟರ್ಮಿನಲ್‌ಗೆ, ಟರ್ಮಿನಲ್‌ನಿಂದ ಅಂಗಡಿಗೆ ಸಾಗಿಸಲು ಲಾರಿಯೇ ಬೇಕು. ಈ ಕೆಲಸದಲ್ಲಿ ಸ್ಥಳೀಯರಿಗೆ ಆದ್ಯತೆ ನೀಡುವ ಷರತ್ತನ್ನು ಯೋಜನೆಯಲ್ಲಿ ಮೊದಲೇ ಸೇರಿಸುವುದು ಲೇಸು.

ರಾಷ್ಟ್ರೀಯ ರೈಲು ಯೋಜನೆಯು 2030ರ ವೇಳೆಗೆ ದೇಶದ ಸರಕಿನಲ್ಲಿ ಶೇ. 45ರಷ್ಟು ಪಾಲನ್ನು ರೈಲಿಗೆ ತರುವ ಗುರಿ ಇಟ್ಟುಕೊಂಡಿದೆ. ಕಲ್ಲಿದ್ದಲು, ಅದಿರುಗಳಿಂದ ಮಾತ್ರ ಈ ಗುರಿ ಮುಟ್ಟಲಾಗದು. ನಮ್ಮಂತಹವರ ಪೆಟ್ಟಿಗೆ, ಚೀಲಗಳೂ ರೈಲೇರಬೇಕು. ಮುಂದಿನ ಮನವಿಪತ್ರದೊಡನೆ ಸದಸ್ಯರ ಸರಕಿನ ಪಟ್ಟಿಯೂ ಹೋಗಲಿ. ಈ ಕಾರ್ಯಕ್ಕೆ ಒಂದು ಉಪಸಮಿತಿಯನ್ನು ನೇಮಿಸಿ ಮೂರು ತಿಂಗಳ ಗಡುವು ನೀಡುವಂತೆ ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.