ಬಾಕಿ ಹಲ್ಲುಸೆಟ್‌ಗಳ ವಿತರಣೆ ಹಾಗೂ ತಾಲ್ಲೂಕು ಆಸ್ಪತ್ರೆಯಲ್ಲೇ ತಯಾರಿಕಾ ಘಟಕ ಕೋರಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು

ಇಂದ,
ತಾಲ್ಲೂಕು ಹಿರಿಯ ನಾಗರಿಕರ ಸಂಘ

ಉಲ್ಲೇಖ: ಇದೇ ವಿಷಯದ ನಮ್ಮ ಹಿಂದಿನ ಮನವಿಗಳು (ಸ್ವೀಕೃತಿ ಪ್ರತಿಗಳು, ಅಡಕ 1)

ಮಾನ್ಯರೆ,

ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ ನೀಡುವ ದಂತಭಾಗ್ಯ ಯೋಜನೆಯಡಿ ಅಳತೆ ಕೊಟ್ಟು ಬಂದ ನಮ್ಮ ಹಲವು ಸದಸ್ಯರಿಗೆ ಹಲ್ಲುಸೆಟ್ ಇನ್ನೂ ಕೈಸೇರಿಲ್ಲ. ವಿಚಾರಿಸಿದಾಗಲೆಲ್ಲ ಕಡತ ಪರಿಶೀಲನೆಯಲ್ಲಿದೆ ಎಂಬ ಉತ್ತರವೇ ಸಿಕ್ಕಿದೆ. ಕಡತ ಕಾಯಬಹುದು, ವಸಡು ಕಾಯುವುದಿಲ್ಲ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸವೆಯುತ್ತ ಹೋಗುತ್ತದೆಂಬುದು ತಮಗೆ ತಿಳಿಯದ್ದೇನಲ್ಲ. ಹಳೆಯ ಅಚ್ಚಿನ ಮೇಲೆ ತಡವಾಗಿ ಮಾಡಿದ ಸೆಟ್ ಸಡಿಲವಾಗಿ ವಸಡನ್ನು ಉಜ್ಜಿ ಹುಣ್ಣು ಮಾಡುತ್ತದೆ. ಅಳತೆಯ ಚೀಟಿಗಳು, ಹೊರರೋಗಿ ಚೀಟಿಗಳು, ಬಸ್ ಟಿಕೆಟ್‌ಗಳು, ಹುಣ್ಣಾದವರ ವೈದ್ಯಕೀಯ ಚೀಟಿಗಳನ್ನು ಲಗತ್ತಿಸಿದೆ (ಅಡಕ 2ರಿಂದ 5).

ಮೊದಲ ಅಚ್ಚು, ಅಂತಿಮ ಅಚ್ಚು, ದವಡೆಗಳ ಹೊಂದಾಣಿಕೆ, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು, ಕೂರಿಸುವುದು: ಪ್ರತಿ ಹಂತಕ್ಕೂ ದೂರದ ದಂತ ವೈದ್ಯಕೀಯ ಕಾಲೇಜಿಗೆ ಹೋಗಬೇಕು. ಜೊತೆಗೆ ಬರುವ ಮಗನಿಗೋ ಸೊಸೆಗೋ ಅಂದಿನ ಕೂಲಿ ತಪ್ಪುತ್ತದೆ. ಹೀಗಾಗಿ ಅರ್ಧಕ್ಕೇ ಕೈಬಿಟ್ಟವರು ಗಂಜಿಯಲ್ಲೇ ದಿನ ದೂಡುತ್ತಿದ್ದಾರೆ. ರೊಟ್ಟಿ, ಕಡಲೆ ಅವರ ಪಾಲಿಗಿಲ್ಲ.

2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯ ಶೇ 8.6ರಷ್ಟಿದ್ದ ಅರವತ್ತು ದಾಟಿದವರು 2031ಕ್ಕೆ ಶೇ 13.1ರಷ್ಟಾಗುತ್ತಾರೆಂಬುದು ಸರ್ಕಾರದ್ದೇ ಅಂದಾಜು. ಇಂದಿನ ಬಾಕಿಯೇ ತೀರದಿದ್ದರೆ ಅಂದಿನ ಬೇಡಿಕೆಯನ್ನು ಪೂರೈಸುವವರು ಯಾರು?

ಬೇಡಿಕೆಗಳು:

1. ಬಾಕಿ ಪಟ್ಟಿಯನ್ನು ಅಳತೆಯ ದಿನಾಂಕದೊಂದಿಗೆ ಪ್ರಕಟಿಸಿ 30 ದಿನದೊಳಗೆ ಸೆಟ್ ಕೊಡಬೇಕು; ಹಳೆಯ ಅಚ್ಚುಗಳಿದ್ದಲ್ಲಿ ಹೊಸದಾಗಿ ಅಚ್ಚು ತೆಗೆಯಬೇಕು.

2. ತಾಲ್ಲೂಕು ಆಸ್ಪತ್ರೆಯಲ್ಲಿ ತಯಾರಿಕಾ ಘಟಕ ತೆರೆದು, ನೋಂದಾಯಿತ ಡೆಂಟಲ್ ಮೆಕ್ಯಾನಿಕ್ ಹುದ್ದೆ ಮಂಜೂರು ಮಾಡಬೇಕು. ನೇಮಕವಾಗುವವರೆಗೆ ನಿವೃತ್ತ ಮೆಕ್ಯಾನಿಕ್‌ಗಳಾದ ನಮ್ಮ ಇಬ್ಬರು ಸದಸ್ಯರನ್ನು ಗೌರವಧನದ ಮೇಲೆ ಪರಿಗಣಿಸಬೇಕು.

3. ಮುಂದಿನ ಹತ್ತು ವರ್ಷಗಳ ಬೇಡಿಕೆ ಅಂದಾಜಿಸಿ, ದುರಸ್ತಿ ಹಾಗೂ ಸಡಿಲವಾದ ಸೆಟ್‌ಗೆ ಒಳಪದರ ಹಾಕುವ ವೆಚ್ಚವನ್ನೂ ಅನುದಾನದಲ್ಲಿ ಸೇರಿಸಬೇಕು.

4. ಅಳತೆ ಕೊಟ್ಟ ನಂತರ ಬಿಪಿಎಲ್ ಕಾರ್ಡ್ ರದ್ದಾದವರನ್ನು ಅನರ್ಹಗೊಳಿಸಬಾರದು.

5. 2007ರ ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಮಿನಂತೆ ಪ್ರತ್ಯೇಕ ಸಾಲು, ಜೊತೆಗೆ ಬೆಂಚು, ಕುಡಿಯುವ ನೀರು ಒದಗಿಸಬೇಕು.



ನಮಗೆ ಇನ್ನೊಂದು ಆಶ್ವಾಸನೆ ಬೇಡ, ದಿನಾಂಕ ನಮೂದಿಸಿದ ಲಿಖಿತ ಆದೇಶ ಬೇಕು. ತಿಂಗಳೊಳಗೆ ಅದು ಬಾರದಿದ್ದಲ್ಲಿ ತಮ್ಮ ಕಚೇರಿ ಎದುರು ಧರಣಿ ಕೂರುವುದು ಅನಿವಾರ್ಯವೆಂದು ವಿನಯಪೂರ್ವಕವಾಗಿ ತಿಳಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸದಸ್ಯರು