ಓದುವುದಕ್ಕೂ ಜಾಮೀನು ಬೇಕೇ?

ಜೈಲಿನಲ್ಲಿರುವವರಿಗೂ ಗ್ರಂಥಾಲಯ ಬೇಕು, ಈಗಿನ ಡಿಜಿಟಲ್ ಗ್ರಂಥಾಲಯವೂ ಬೇಕು ಎಂದು ನಾನು ಅಂದಾಗಲೆಲ್ಲ ನಮ್ಮ ತುಳಸಿಗೇರಿಯಲ್ಲಿ ಒಂದೇ ಉತ್ತರ ಬರುತ್ತದೆ: "ಅಕ್ಕೋರ, ನಮ್ಮ ಸಾಲಿ ಹುಡುಗರಿಗೇ ನೆಟ್ಟಗ ಪುಸ್ತಕ ಇಲ್ಲ, ಕಳ್ಳರಿಗ್ಯಾಕ?" ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತವರೂ ಇದನ್ನೇ ಅನ್ನುತ್ತಾರೆ, ಪದವಿ ಪಡೆದವರೂ ಇದನ್ನೇ ಅನ್ನುತ್ತಾರೆ.

ಮೊದಲು ಆ 'ಕಳ್ಳರು' ಎಂಬ ಶಬ್ದವನ್ನೇ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ವಿಚಾರಣೆಯೇ ಇನ್ನೂ ಮುಗಿದಿರಲಿಲ್ಲ. ಜಾಮೀನಿಗೆ ಹಣ ಹೊಂದಿಸಲಾರದೆ ಕೂತವರು ಅವರಲ್ಲಿ ಎಷ್ಟೋ ಜನ. ಪಾಠ ಹೇಳುವ ನನಗೆ ಹೆಚ್ಚು ಚುಚ್ಚುವುದು ಇನ್ನೊಂದು ಸಂಗತಿ. ಕೈದಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅಕ್ಷರವೇ ಬಾರದವರು, ಇಲ್ಲವೆ ಹತ್ತನೆಯ ತರಗತಿ ಮುಟ್ಟದವರು. ಏಳನೇ ಈಯತ್ತೆಗೆ ಸಾಲಿ ಬಿಟ್ಟು ಗೋವೆಗೆ ದುಡಿಯಲು ಹೋದ ಹುಡುಗನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಬೀಳುತ್ತದೆ, ಅಷ್ಟೆ. ಆಮೇಲೆ ಅವನು ಎಲ್ಲಿ ಮುಟ್ಟಿದ ಎಂದು ಯಾರೂ ಕೇಳುವುದಿಲ್ಲ.

ನ್ಯಾಯಾಲಯ ಕೊಡುವ ಶಿಕ್ಷೆ ಹೊರಗೆ ತಿರುಗಾಡಬೇಡ ಎಂಬುದು, ಓದಬೇಡ ಎಂಬುದಲ್ಲ. ಮುಂಬಯಿಯ ಜೈಲಿನಲ್ಲಿ ವಿಚಾರಣೆಯಿಲ್ಲದ ಬಂಧನದಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬವರು ಅಣುವಿನ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಅಚ್ಚಿಗೆ ಕಳಿಸಲು ಸರಕಾರ ಬಿಡಲಿಲ್ಲ. 1965ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಪುಸ್ತಕ ಹೊರಗೆ ಬರಬಹುದಾದರೆ ಒಳಗೆ ಹೋಗಲು ಏನು ಅಡ್ಡಿ? ಮಂಡಾಲೆಯ ಸೆರೆಮನೆಯಲ್ಲಿ ಟಿಳಕರು 'ಗೀತಾರಹಸ್ಯ' ಬರೆದಾಗ ಪುಸ್ತಕ ತರಿಸಿಕೊಳ್ಳಲು ಬಿಟ್ಟದ್ದು ಪರಕೀಯ ಸರಕಾರ. ಅದನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದರು, ನಮ್ಮ ಹಿರಿಯರು ಭಕ್ತಿಯಿಂದ ಓದಿದರು. ಟಿಳಕರಿಗೆ ಸರಿಯಾದದ್ದು ಸಾಲಿ ಬಿಟ್ಟ ಹುಡುಗನಿಗೆ ತಪ್ಪು ಹೇಗಾಯಿತು?

ನಮ್ಮ ರಾಜ್ಯ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭಿಸಿತು. ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ಅದರ ಬಾಗಿಲು ಮೊಬೈಲಿನೊಳಗಿದೆ. ಕೈದಿಯ ಹತ್ತಿರ ಮೊಬೈಲು ಸಿಕ್ಕರೆ ಅದೇ ಇನ್ನೊಂದು ಅಪರಾಧ! ಸಾರ್ವಜನಿಕ ಎಂಬ ಮಾತಿನಿಂದ ಇವರನ್ನು ತೆಗೆದು ಹಾಕಿದವರು ಯಾರು?

ಅಧಿಕಾರಿಗಳ ಭಯ ಸುಳ್ಳಲ್ಲ. ಜೈಲಿನೊಳಗಿನಿಂದ ಫೋನು ಮಾಡಿ ಬೆದರಿಸಿದವರ ಸುದ್ದಿ ನಾವೂ ಓದಿದ್ದೇವೆ. ಆದರೆ ಓದಲು ಇಂಟರ್ನೆಟ್ಟು ಏತಕ್ಕೆ? ಕರ್ನಾಟಕ ಪಠ್ಯಪುಸ್ತಕ ಸಂಘ ಒಂದರಿಂದ ಹತ್ತನೆಯ ತರಗತಿಯವರೆಗಿನ ಪಠ್ಯಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ಇಟ್ಟಿದೆ. ಮೈಸೂರಿನ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ. ಇವನ್ನೆಲ್ಲ ಹೊರಗೇ ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಹೊರಜಗತ್ತಿನ ಸಂಪರ್ಕವಿಲ್ಲದ ಕಂಪ್ಯೂಟರಿಗೆ ಹಾಕಿಕೊಟ್ಟರೆ ಯಾವ ಸಾಕ್ಷಿಯೂ ಹೆದರಬೇಕಿಲ್ಲ. ಹಿಂಡಲಗಾದಂಥ ಗಡಿಯ ಜೈಲಿನಲ್ಲಿ ಕನ್ನಡ, ಮರಾಠಿ, ಉರ್ದು ಓದುವವರಿಗೆ ಬೇರೆ ಬೇರೆ ಕಪಾಟೂ ಬೇಕಿಲ್ಲ.

ಸಾಲಿ ಹುಡುಗರ ಪಾಲು ಹೋಗುತ್ತದಂತೆ! ಕಾಗದದ ಪುಸ್ತಕ ಒಬ್ಬ ಒಯ್ದರೆ ಇನ್ನೊಬ್ಬನಿಗಿಲ್ಲ, ನಿಜ. ಇದು ನೂರು ಜನ ಓದಿದರೂ ಸವೆಯುವುದಿಲ್ಲ. ಸಾಲಿಯಲ್ಲಿ ಪುಸ್ತಕ ಇಲ್ಲದಿದ್ದರೆ ಅದು ಕೈದಿ ಓದಿದ್ದರಿಂದಲ್ಲ. ಆಸ್ತಿ ತೆರಿಗೆಯ ಜೊತೆಗೆ ನಾವು ಕಟ್ಟುವ ಗ್ರಂಥಾಲಯ ಕರ ಎಲ್ಲಿ ಹೋಯಿತೆಂದು ಕಟ್ಟೆಯ ಮೇಲಿನವರು ಕೇಳಲಿ, ನಾನೂ ದನಿಗೂಡಿಸುತ್ತೇನೆ.

ಜೈಲಿನಲ್ಲಿ ಮಕ್ಕಳೂ ಇರುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆರು ವರ್ಷದವರೆಗಿನ ಮಗು ತಾಯಿಯ ಸಂಗಡ ಇರಬಹುದು, ಅದರ ಶಿಕ್ಷಣದ ಹೊಣೆ ಸರಕಾರದ್ದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ಆ ಕೂಸಿಗೆ ಚಿತ್ರದ ಪುಸ್ತಕ ತೋರಿಸಿ ಓದಿ ಹೇಳಲು ತಾಯಿಗೆ ಅಕ್ಷರ ಬೇಡವೇ? ಕೂಸು ಯಾರ ಮನೆಗೆ ಕನ್ನ ಹಾಕಿತ್ತು?

ಆದರೆ ಕಲಿಸುವವರಿಲ್ಲದಿದ್ದರೆ ಕಂಪ್ಯೂಟರು ಧೂಳು ತಿನ್ನುತ್ತ ಕೂಡುತ್ತದೆ. ಇಗ್ನೋದಂಥ ವಿಶ್ವವಿದ್ಯಾಲಯ ಕೈದಿಗಳಿಗೆ ಶುಲ್ಕವಿಲ್ಲದೆ ಪದವಿ ಕೊಡುತ್ತದೆ, ಆದರೆ ಅಲ್ಲಿಯವರೆಗೆ ಏರಲು ಕೆಳಗಿನ ಮೆಟ್ಟಿಲು ಬೇಕಲ್ಲ. ವಿಜಯಪುರ, ಹಿಂಡಲಗಾ ಎರಡೂ ನಮ್ಮೂರಿನಿಂದ ದಿನದಲ್ಲಿ ಹೋಗಿಬರುವ ದಾರಿ. ವಾರಕ್ಕೊಂದು ದಿನ ಕೆಲಸದ ಮೇಲೆ ಕಳಿಸಿದರೆ ಹೋಗಿ ಕಲಿಸುವ ಮಾಸ್ತರರು, ಅಕ್ಕೋರು ನಮ್ಮ ತಾಲೂಕಿನಲ್ಲೇ ಸಿಗುತ್ತಾರೆ. ಜನಗಣತಿಗೆ, ಚುನಾವಣೆಗೆ ನಮ್ಮನ್ನು ರಾತ್ರೋರಾತ್ರಿ ಕಳಿಸುವ ಸರಕಾರಕ್ಕೆ ಈ ಒಂದು ಆದೇಶ ಬರೆಯಲು ಎಷ್ಟು ಹಾಳೆ ಬೇಕು?